ಟೈರ್ ಒಡೆದ ಮೇಲೆ ನನ್ನ ಎಡಗಿವಿ

ಗಬ್ಬೂರ ಬೈಪಾಸಿನ ಪಕ್ಕ ನನ್ನದೊಂದು ಪಂಚರ್ ಅಂಗಡಿ ಇದೆ. ಅವತ್ತು ಮುಂಜಾನೆ ಲಾರಿಯ ಹಳೇ ಟೈರೊಂದಕ್ಕೆ ಹವಾ ತುಂಬುತ್ತಿದ್ದೆ. ಅದರ ಬದಿಯಲ್ಲಿ ಸಣ್ಣ ಉಬ್ಬು ಕಂಡಿತ್ತು. ಕಂಡರೂ, ಏನಾಗುತ್ತದೆ ಬಿಡು ಎಂದು ಬಗ್ಗಿಯೇ ಇದ್ದೆ. ಟೈರ್ ಒಡೆಯಿತು. ಬಿದ್ದವನು ಎದ್ದು ಕೂತಾಗ ಕೈಕಾಲು ಸರಿಯಿದ್ದವು. ಎದುರು ನಿಂತ ಡ್ರೈವರನ ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸಂಜೆಗೆ ಬಲಗಿವಿ ತೆರೆಯಿತು. ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಮಾತ್ರ ಉಳಿಯಿತು.

ಸಂಬಂಧಿಕರೊಬ್ಬರು, "ಬಳ್ಳೊಳ್ಳಿ ಹಾಕಿ ಎಣ್ಣಿ ಕಾಸಿ ಬಿಡು, ಲಗೂ ಆರಾಮ ಆಗತೈತಿ" ಅಂದರು. ಬೆಳ್ಳುಳ್ಳಿ ಕಾಸಿದ ಎಣ್ಣೆಯನ್ನು ಎರಡು ದಿನ ಕಿವಿಗೆ ಬಿಟ್ಟೆ. ಮೂರನೆಯ ದಿನ ಕೀವು ಬಂತು. ದಿಂಬಿನ ಮೇಲಿನ ಕಲೆ ನೋಡಿದ ಹೆಂಡತಿ ಸೀರೆ ಬದಲಿಸಿ ಬಂದು, ಆಗಷ್ಟೇ ಎತ್ತಿದ್ದ ಅಂಗಡಿಯ ಶಟರ್ ಎಳೆದಳು.

"ನಡೀರಿ ದವಾಖಾನಿಗೆ. ಇವತ್ತ ಅಂಗಡಿ ಬಂದ್."

ಕಿವಿ ನೋಡಿದ ಡಾಕ್ಟರು ನನ್ನ ಮಗಳ ವಯಸ್ಸಿನವರು. "ಕಿವಿ ಪರದೆ ಹರದೈತ್ರಿ. ಎಷ್ಟೋ ಸಲ ಇದು ತಾನ ಕೂಡಿಕೋತದ. ಎಣ್ಣಿ ಬಿಡ್ರಿ ಅಂತ ಯಾರು ಹೇಳಿದ್ರು ನಿಮಗ?"

ಮೊದಲು ಕೀವು ಒಣಗಬೇಕು, ಮೂರು ತಿಂಗಳು ಕಿವಿಗೆ ಹನಿ ನೀರೂ ತಾಗಬಾರದು, ಆಮೇಲೂ ತೂತು ಮುಚ್ಚದಿದ್ದರೆ ಆಪರೇಷನ್ ಎಂದರು.

ಆ ಮೂರು ತಿಂಗಳು ಕಿವಿಯ ಬೆಲೆ ತಿಳಿಯಿತು. ಮೊದಲೆಲ್ಲ ಟ್ಯೂಬಿಗೆ ಕಿವಿ ಹಚ್ಚಿದರೆ ಹವಾ ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದೆ. ಈಗ ಸದ್ದು ಯಾವ ದಿಕ್ಕಿನದು ಎನ್ನುವುದೇ ಗೊತ್ತಾಗದೆ ಎಲ್ಲವನ್ನೂ ನೀರಿನಲ್ಲಿ ಮುಳುಗಿಸಿ ನೋಡಬೇಕಾಯಿತು. ಗಿರಾಕಿ ಎಡಗಡೆ ನಿಂತು ಕರೆದರೆ ನಾನು ಬಲಕ್ಕೆ ತಿರುಗುತ್ತಿದ್ದೆ. ಕೀವೇನೋ ಒಣಗಿತು, ತೂತು ಮುಚ್ಚಲಿಲ್ಲ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. "ಕಿವಿ ಹಿಂದ ಸ್ವಲ್ಪ ಕೊಯ್ದು, ಅಲ್ಲಿ ಸ್ನಾಯುದ ಮ್ಯಾಲಿರೋ ತೆಳ್ಳನ ಪೊರಿ ತಗೋತೇವ್ರಿ. ಅದನ್ನ ತೂತಿನ ಒಳಮಗ್ಗಲಿಗೆ ಕೂಡಸ್ತೇವಿ."

"ಒಳಗಿಂದ ಪ್ಯಾಚ್ ಹಚ್ಚತೀರಿ ಅನ್ರಿ."

ಅವರು ನಕ್ಕರು. "ಹೌದ್ರಿ. ಆದ್ರ ನಿಮ್ಮ ಪ್ಯಾಚಿನಂಗ ಇದು ಆವಾಗಿಂದಾವಾಗ ಹಿಡಿಯೂದಿಲ್ಲ. ಖರೇ ಹೇಳಬೇಕಂದ್ರ, ಹಿಡದ ಹಿಡೀತದ ಅಂತ ಮಾತು ಕೊಡಾಕ ಬರೂದಿಲ್ಲ. ಎರಡು ತಿಂಗಳು ಭಾರ ಎತ್ತಬ್ಯಾಡ್ರಿ. ಮೂಗು ಸೀನಬ್ಯಾಡ್ರಿ. ಸೀನು ಬಂದ್ರ ಬಾಯಿ ತೆರಕೊಂಡ ಸೀನ್ರಿ."

"ಭಾರ ಎತ್ತದಿದ್ರ ಅಂಗಡಿ ಹೆಂಗ್ರಿ?" ಅಂದೆ.

"ಅಂಗಡಿಗೆ ನಾ ಅದೀನಲ್ಲ," ಹೆಂಡತಿ ಅಂದಳು. "ನೀವು ತಾರೀಖು ಹೇಳ್ರಿ ಡಾಕ್ಟರ್."

ಕಿವಿಯ ಸುತ್ತ ಮಾತ್ರ ಮರಗಟ್ಟಿಸಿದ್ದರಿಂದ ಆಪರೇಷನ್ ಪೂರ್ತಿ ನಾನು ಎಚ್ಚರವಿದ್ದೆ. ನೋವಿರಲಿಲ್ಲ. ಆದರೆ ತಲೆಯೊಳಗೇ ಯಾರೋ ಗೋಡೆ ಕೆರೆದಂಥ ಸದ್ದು. "ಇನ್ನ ಪೊರಿ ಇಡಾಕತ್ತೇನಿ, ಅಲ್ಲಾಡಬ್ಯಾಡ್ರಿ" ಎಂದಿತು ಡಾಕ್ಟರ ದನಿ. ಎದ್ದು ಓಡಬೇಕೆನಿಸಿತು. ಮುಷ್ಟಿ ಬಿಗಿದು, ಲಾರಿ ಗಾಲಿಯ ಹತ್ತು ನಟ್ಟುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಬಿಚ್ಚಿದೆ. ಮತ್ತೆ ಬಿಗಿದೆ. ಮತ್ತೆ ಬಿಚ್ಚಿದೆ. ಎಷ್ಟು ಸಲವೋ ನೆನಪಿಲ್ಲ. ನಾನು ಅಲ್ಲಾಡಲಿಲ್ಲ.

ಐದನೆಯ ದಿನ ಹೆಂಡತಿ ಸೀರೆಯ ಮೇಲೆ ನನ್ನ ಹಳೇ ಅಂಗಿ ತೊಟ್ಟು ಅಂಗಡಿ ತೆರೆದಳು. ತಲೆಗೆ ಪಟ್ಟಿ ಕಟ್ಟಿಕೊಂಡು ನಾನು ಕುರ್ಚಿಯಲ್ಲಿ ಕೂತೆ. ಮೊದಲು ಬಂದದ್ದೇ ಲಾರಿ.

"ಅಕ್ಕಾರ, ಇದು ನಿಮ್ಮ ಕೈಲೆ ಆಗೂದಲ್ಲ ಬಿಡ್ರಿ," ಅಂದ ಡ್ರೈವರ್.

"ಆಗತೈತೋ ಇಲ್ಲೋ ನೋಡಕೋಂತ ನಿಂದರ್ರಿ."

ಟೈರ್ ರಿಮ್ಮಿಗೆ ಕಚ್ಚಿಕೊಂಡಿತ್ತು. ಅವಳು ಕಬ್ಬಿಣದ ಸಲಾಕೆ ತೂರಿಸಿ, ಅದರ ಮೇಲೆ ಎರಡೂ ಕಾಲಿಟ್ಟು ಮೈಭಾರವೆಲ್ಲ ಹಾಕಿದಳು. ಜಾರಿ ಬಿದ್ದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ.

"ಕೂಡ್ರಿ!" ಅವಳು ತಿರುಗಿ ನೋಡಲೂ ಇಲ್ಲ. ಮತ್ತೆ ಸಲಾಕೆ ಹತ್ತಿದಳು. ನಾಲ್ಕನೆಯ ಸಲಕ್ಕೆ ಟೈರ್ ಬಿಟ್ಟಿತು. ಅಷ್ಟೊತ್ತಿಗೆ ಡ್ರೈವರೂ ತೋಳೇರಿಸಿ ಕೈಜೋಡಿಸಿದ್ದ. ನಾನು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಎರಡು ತಾಸು ಹಿಡಿಯಿತು. ಅವಳ ಅಂಗೈ ತುಂಬ ಬೊಬ್ಬೆ. ಮರುದಿನ ಬಟ್ಟೆ ಸುತ್ತಿಕೊಂಡು ಬಂದಳು.

ಕೈಕಟ್ಟಿ ಕೂರುವುದು ನನಗೆ ಆಪರೇಷನ್‌ಗಿಂತ ಕಷ್ಟವಾಯಿತು. ಬೈಪಾಸಿನ ಧೂಳಿಗೆ ಸೀನು ಬಂದಾಗಲೆಲ್ಲ ಬಾಯಿ ಅಗಲಿಸಿ ಸೀನುತ್ತಿದ್ದೆ, ಗಿರಾಕಿಗಳು ನಗುತ್ತಿದ್ದರು. ನಗಲಿ ಎಂದುಕೊಂಡೆ. ಎರಡು ತಿಂಗಳು ನಟ್ಟು ತಿರುಗಿಸುವ ಒಂದು ಪಾನಾ ಸಹ ಮುಟ್ಟಲಿಲ್ಲ.

ಆಪರೇಷನ್ ಆಗಿ ಮೂರು ತಿಂಗಳ ಬಳಿಕ ಕಿವಿಯ ಪರೀಕ್ಷೆ. ಸದ್ದಿಲ್ಲದ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಗುಂಡಿ ಒತ್ತಿ ಎಂದರು. ಎಡಗಿವಿಯಲ್ಲಿ ದೂರದ ಹುಳದ ಹಾಗೆ ಏನೋ ಕೇಳಿತು. ಒತ್ತಿದೆ. ಇನ್ನೂ ಸಣ್ಣದು ಕೇಳಿತು. ಒತ್ತಿದೆ.

"ಪರದೆ ಛಲೋ ಹಿಡದೈತ್ರಿ. ಭಾಳ ಸಣ್ಣ ಸದ್ದು ಮಾತ್ರ ಒಂದಿಷ್ಟು ಕಡಿಮಿ ಕೇಳತಾವ. ಅದನ್ನ ಹೊಂದಿಸಿಕೊಂಡ ಬದುಕಬೇಕ್ರಿ," ಅಂದರು ಡಾಕ್ಟರು. ಹೊರಗೆ ಬಂದು ಹೆಂಡತಿಗೆ ಹೇಳಲು ಹೋದೆ. ಮುಖ ನೋಡಿಯೇ ಅವಳಿಗೆ ತಿಳಿಯಿತು.

ಆ ವಾರವೇ ಹವಾ ತುಂಬುವಾಗ ಟೈರ್ ಇಡಲು, ಒಡೆದರೂ ಹೊರಗೆ ಸಿಡಿಯದಂಥ ಕಬ್ಬಿಣದ ಪಂಜರ ಮಾಡಿಸಿದೆ. ಹೆಂಡತಿ ಅಂಗಡಿ ಬಿಡಲಿಲ್ಲ. ಲಾರಿಗಳು ನನ್ನ ಪಾಲಿಗೆ; ಕಾರು, ಬೈಕು ಅವಳ ಪಾಲಿಗೆ. ಅವಳು ಇಲ್ಲದ ದಿನ ಕಾರಿನವರು ಬಂದರೆ, "ಅಕ್ಕಾರು ನಾಳೆ ಇರ್ತಾರೇನ್ರಿ?" ಎಂದು ಕೇಳಿಕೊಂಡು ಹಾಗೇ ವಾಪಸ್ಸು ಹೋಗುತ್ತಾರೆ.