ಚಿಕ್ಕತಾಯಮ್ಮ ಕೊಟ್ಟ ನೀರು

ಚಿಕ್ಕತಾಯಮ್ಮನವರ ಹೊಸ್ತಿಲ ಬಳಿ ಬಂದವರು ಒಂದು ಚೊಂಬು ನೀರು ಕುಡಿಯದೆ ವಾಪಸು ಹೋಗುವಂತಿರಲಿಲ್ಲ. ಬಾಯಾರಿಕೆ ಆಗಿದೆಯೇ ಎಂದು ಅವರು ಕೇಳುತ್ತಿರಲಿಲ್ಲ. ಅಂಚೆಯವನಿಗೂ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನಿಗೂ, ಬಳೆ ಮಾರುವವಳಿಗೂ ಒಂದೇ ಕಾನೂನು. ಕೋಣೆ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಲು ಬಂದ ನನ್ನ ಕೈಗೂ ಮೊದಲು ಚೊಂಬು ಬಂತು.

"ಮೊದ್ಲು ಕುಡಿ. ಆಮ್ಯಾಕೆ ಮಾತು. ನಮ್ ಬೋರಿನ್ ನೀರು, ಎಳನೀರಿದ್ದಂಗೈತೆ."

ನಿಜಕ್ಕೂ ಸಿಹಿಯಾಗಿತ್ತು. ನಾನು ಗದಗಿನ ಕಡೆಯ ಉಪ್ಪುನೀರು ಕುಡಿದು ಬೆಳೆದವನು. ಪೀಣ್ಯದ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದಿದ್ದೆ. ತುಮಕೂರು ರಸ್ತೆಗೆ ಆಗಿನ್ನೂ ಫ್ಲೈಓವರ್ ಬಂದಿರಲಿಲ್ಲ. ಆ ನೀರು ಕುಡಿದು ಕೋಣೆ ನೋಡದೆಯೇ ಒಪ್ಪಿಕೊಂಡೆ. ಕೋಣೆ ನೋಡಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ. ಶೀಟಿನ ಸೂರು, ಒಂದು ಕಿಟಕಿ, ಅದರಾಚೆ ಲೋಹಕ್ಕೆ ಹೊಳಪಿನ ಲೇಪ ಕೊಡುವ ಕಾರ್ಖಾನೆಯೊಂದರ ಹಿಂಗೋಡೆ.

ಆ ಗೋಡೆ ನಿಂತಿದ್ದ ಜಾಗ ಒಂದು ಕಾಲಕ್ಕೆ ಚಿಕ್ಕತಾಯಮ್ಮನವರ ರಾಗಿ ಹೊಲ. ಹೊಲ ಹೋದ ಮೇಲೆ ಗಂಡ ಉಳಿದ ಜಾಗದಲ್ಲಿ ಬೋರ್ ಕೊರೆಸಿ, ಸುತ್ತ ಬಾಡಿಗೆ ಕೋಣೆ ಕಟ್ಟಿಸಿ, ತೀರಿಕೊಂಡರಂತೆ. ಬಾಡಿಗೆಯವರನ್ನೆಲ್ಲ ಚಿಕ್ಕತಾಯಮ್ಮ ಊರ ಹೆಸರಿನಿಂದಲೇ ಕೂಗುತ್ತಿದ್ದರು. ನಾನು ಗದಗು, ಪಕ್ಕದ ಕೋಣೆಯವರು ರಾಯಚೂರು. "ಲೇ ಗದಗು, ರಾಯಚೂರಿಗೆ ಜ್ವರ ಬಂದೈತೆ, ಗಂಜಿ ಕೊಟ್ ಬಾ" ಎಂದರೆ ಹೊಸಬರು ತಬ್ಬಿಬ್ಬಾಗುತ್ತಿದ್ದರು.

ಪ್ರತಿ ಶುಕ್ರವಾರ ಬೋರಿನ ಕಬ್ಬಿಣದ ಕೊಳವೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವು ಸುತ್ತುತ್ತಿದ್ದರು. ನೀರು ಬಿದ್ದ ದಿನ ಮಾಡಿದ ಗಂಗೆ ಪೂಜೆಯನ್ನು ಅವರು ನಿಲ್ಲಿಸಲೇ ಇಲ್ಲ. ಹಾಗಾಗಿ ಒಂದು ಬೇಸಿಗೆಯಲ್ಲಿ ನೀರಿಗೆ ತೆಳುವಾಗಿ ಹಳದಿ ಬಣ್ಣ ಬಂದಾಗ ಅವರಿಗೆ ಅನುಮಾನ ಬರಲಿಲ್ಲ, ಖುಷಿಯಾಯಿತು. ಚೊಂಬನ್ನು ಬಿಸಿಲಿಗೆ ಹಿಡಿದು ನಮಗೆಲ್ಲ ತೋರಿಸಿದರು.

"ನೋಡ್ರೋ, ಇಷ್ಟ್ ವರ್ಷ ಇಟ್ಟ ಅರಿಶ್ನ ಗಂಗಮ್ಮಂಗೆ ಈಗ ಮುಟ್ಟೈತೆ. ಮೈಯೆಲ್ಲ ಬಳ್ಕೊಂಡವ್ಳೆ!"

ನಾವೂ ಕಣ್ಣಿಗೊತ್ತಿಕೊಂಡು ಕುಡಿದೆವು. ಬಳೆ ಮಾರುವವಳು ಆಗ ತುಂಬು ಬಸುರಿ. ಅವಳಿಗೆ ಎರಡು ಚೊಂಬು ಕುಡಿಸಿದರು. ಅವಳು ತಮಿಳು ಬೆರೆತ ಕನ್ನಡದಲ್ಲಿ ಹರಸಿ ಹೋದಳು. ರಾಯಚೂರಿನವರ ಹೆಂಡತಿ ಮಾತ್ರ ಅನ್ನ ಹಳದಿಯಾಗುತ್ತಿದೆ ಎಂದು ಗೊಣಗಿದಳು. ಪ್ರಸಾದಕ್ಕೆ ಹೆಸರಿಡಬಾರದು ಎಂದು ಚಿಕ್ಕತಾಯಮ್ಮ ಅವಳನ್ನೇ ಗದರಿಸಿದರು.

ವರ್ಷ ಕಳೆದ ಮೇಲೆ ಯಾರೋ ಬಂದು ಸೀಸೆಗಳಲ್ಲಿ ನೀರು ಹಿಡಿದುಕೊಂಡು ಹೋದರು. ಅವರಿಗೂ ಚಿಕ್ಕತಾಯಮ್ಮ ಚೊಂಬು ಚಾಚಿದರು, ಅವರು ಕುಡಿಯಲಿಲ್ಲ. ಕೆಲವು ವಾರಗಳ ನಂತರ ಬೋರಿನ ಪಕ್ಕದ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆದು ಹೋದರು. ನಾನು ಪಾಳಿ ಮುಗಿಸಿ ಬರುವಾಗ ಚಿಕ್ಕತಾಯಮ್ಮ ಅದರ ಮುಂದೆ ನಿಂತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ.

"ಏನ್ ಬರ್ದವ್ರೋ ಗದಗು?"

"ಈ ನೀರು ಕುಡಿಬಾರದು ಅಂತ ಬರದಾರ್ರೀ ಅಮ್ಮಾರ. ಕಾರ್ಖಾನಿ ವಿಷ ನೆಲದಾಗ ಇಳದೈತಂತ್ರೀ."

"ಯಾವ್ ನೀರು?"

"ನಮ್ಮ ಬೋರಿಂದ್ರೀ."

ಇನ್ನೊಂದು ಸಲ ಓದು ಎಂದರು. ಓದಿದೆ. ಅಳಬಹುದು, ಬೈಯಬಹುದು ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಸೆರಗಿನ ತುದಿಯನ್ನು ನೆನೆಸಿ ಕೊಳವೆಯ ಮೇಲಿನ ಅರಿಶಿನವನ್ನು ಉಜ್ಜಿ ಉಜ್ಜಿ ಒರೆಸಿದರು. ಒರೆಸಿದ್ದೂ ಅದೇ ನೀರಿನಲ್ಲಿ. ನನಗೂ ಏನೂ ಅನ್ನಿಸಲಿಲ್ಲ. ಭಯವೂ ಆಗಲಿಲ್ಲ ಎಂಬುದು ಈಗ ಯೋಚಿಸಿದರೆ ವಿಚಿತ್ರ. ಕೋಣೆಗೆ ಹೋಗಿ ಮಲಗಿಬಿಟ್ಟೆ.

ಮಾರನೆಯ ದಿನದಿಂದ ಚಿಕ್ಕತಾಯಮ್ಮ ತಾವು ನೀರು ಕೊಟ್ಟವರನ್ನೆಲ್ಲ ಹುಡುಕಿಕೊಂಡು ಹೊರಟರು. ಅಂಚೆ ಕಚೇರಿಗೆ ಹೋದರು, ಗ್ಯಾಸ್ ಗೋಡೌನಿಗೆ ಹೋದರು, ಕೋಣೆ ಬಿಟ್ಟುಹೋದ ಹಳೆಯ ಬಾಡಿಗೆದಾರರು ಕೆಲಸ ಮಾಡುವ ಕಾರ್ಖಾನೆಗಳ ಗೇಟಿನಲ್ಲಿ ಊಟದ ಗಂಟೆಯವರೆಗೆ ನಿಂತರು. "ನಮ್ಮನೇಲಿ ನೀರು ಕುಡ್ದಿದ್ರಿ. ಅದು ಚೆನ್ನಾಗಿರ್ಲಿಲ್ವಂತೆ. ಒಂದ್ ಸಲ ಆಸ್ಪತ್ರೇಲಿ ತೋರುಸ್ಕೊಳಿ" ಎಂದು ಎಲ್ಲರಿಗೂ ಒಂದೇ ಮಾತು. ಗ್ಯಾಸಿನವನು ನಕ್ಕುಬಿಟ್ಟನಂತೆ. "ಅಯ್ಯೋ ಅಜ್ಜಿ, ಏರಿಯಾ ಪೂರ್ತಿ ಅದೇ ನೀರು ಕುಡೀತಿರೋದು. ನಿಮ್ದೊಂದೇನಾ?" ಎಂದನಂತೆ. ಅದನ್ನು ನನಗೆ ಹೇಳುವಾಗ ಚಿಕ್ಕತಾಯಮ್ಮ ನಗಲಿಲ್ಲ.

"ಅವ್ರು ಕುಡಿದ್ರೆ ಅವ್ರಿಷ್ಟ. ಇವ್ರಿಗೆಲ್ಲ ಕುಡ್ಸಿದ್ದು ನಾನು ತಾನೆ?"

ಎಲ್ಲರೂ ಸಿಕ್ಕರು, ಬಳೆಯವಳೊಬ್ಬಳು ಸಿಗಲಿಲ್ಲ. ಹೆರಿಗೆಗೆ ಹೋದವಳು ಈ ಕಡೆ ಮತ್ತೆ ಬರಲಿಲ್ಲವಂತೆ. ಅವಳ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಎಲ್ಲರನ್ನೂ ಊರ ಹೆಸರಿನಿಂದ ಕೂಗುತ್ತಿದ್ದ ಚಿಕ್ಕತಾಯಮ್ಮ ಅವಳನ್ನೊಬ್ಬಳನ್ನು ಬಳೆಯೋಳು ಎಂದೇ ಕೂಗಿದ್ದರು.

ಅಷ್ಟರಲ್ಲಿ ನೀರಿನ ಕಚೇರಿಯವರು ಶಾಲೆಯ ಮೈದಾನದಲ್ಲಿ ಸಭೆ ಕರೆದರು. ನೆಲದೊಳಗಿನ ನೀರನ್ನು ಮೇಲೆತ್ತಿ, ವಿಷ ತೆಗೆದು, ಶುದ್ಧ ಮಾಡುವ ಘಟಕಕ್ಕೆ ಹಣ ಬಂದಿದೆ, ಜಾಗ ಬೇಕು ಎಂದರು. ಎಲ್ಲರೂ ಚಪ್ಪಲಿ ನೋಡಿಕೊಂಡು ಕುಳಿತರು. ಚಿಕ್ಕತಾಯಮ್ಮ ಎದ್ದು, ಬೋರಿನ ಪಕ್ಕದ ಸೀಬೆಮರದ ಜಾಗ ಬಿಟ್ಟುಕೊಡುತ್ತೇನೆ ಎಂದರು. ಅಲ್ಲಿ ಇನ್ನೊಂದಿಷ್ಟು ಕೋಣೆ ಕಟ್ಟಿಸುವ ಆಸೆಯಿದ್ದ ಅಳಿಯ ಅಲ್ಲಿಂದಲೇ ಎದ್ದು ಹೋದ.

"ಜಾಗ ಸುಮ್ನೆ ಕೊಡ್ತೀನಿ. ನೀರು ಯಾವಾಗ ಒಳ್ಳೇದಾಯ್ತದೆ, ಅಷ್ಟೇಳಿ."

"ಹಂತ ಹಂತವಾಗಿ ಆಗುತ್ತೆ ಅಜ್ಜಿ," ಎಂದರು ಎಂಜಿನಿಯರು.

ಘಟಕ ಬಂತು. ಸೀಬೆಮರ ಹೋಯಿತು. ಟೈಲ್ಸ್ ನೆಲ, ಸ್ಟೀಲಿನ ಗೇಟು, ಸುತ್ತ ಹುಲ್ಲುಹಾಸು, ದೊಡ್ಡವರ ಹೆಸರುಗಳನ್ನು ಕೆತ್ತಿದ ಗ್ರಾನೈಟ್ ಕಲ್ಲು. ಉದ್ಘಾಟನೆಯ ದಿನ ಚಿಕ್ಕತಾಯಮ್ಮನವರಿಗೂ ಶಾಲು ಹೊದಿಸಿದರು. ಕೆಲವು ತಿಂಗಳು ಮೋಟಾರು ಸದ್ದು ಮಾಡಿತು. ಆಮೇಲೆ ಸೋಸುವ ಪುಡಿ ಮುಗಿಯಿತು, ಬೀಗ ಬಿತ್ತು. ಕೇಳಲು ಹೋದ ನಮಗೆ, ಕಟ್ಟುವ ಹಣ ಬೇರೆ, ನಡೆಸುವ ಹಣ ಬೇರೆ, ನಡೆಸುವುದು ಇನ್ನೂ ಮಂಜೂರಾಗಿಲ್ಲ ಎಂದು ವಿವರಿಸಿದರು.

"ಮದ್ವೆ ಜೋರಾಗ್ ಮಾಡ್ಬುಟ್ರಿ," ಎಂದರು ಚಿಕ್ಕತಾಯಮ್ಮ. "ಸಂಸಾರಕ್ಕೆ ಒಂದ್ ಮಡ್ಕೇನೂ ಇಕ್ಲಿಲ್ವಲ್ಲಪ್ಪ."

ಕಚೇರಿಯವರು ನಕ್ಕು ಕಾಫಿ ತರಿಸಿದರು. ಮುಂದಿನ ವರ್ಷ ಬೀಗ ಹಾಕಿದ್ದ ಘಟಕದ ಕಾಂಪೌಂಡಿಗೆ ಹೊಸದಾಗಿ ಬಣ್ಣ ಹೊಡೆದರು. ಬಣ್ಣದ ಹಣ ಮಂಜೂರಾಗಿತ್ತಂತೆ.

ಚಿಕ್ಕತಾಯಮ್ಮ ಬೆಳಿಗ್ಗೆ ಎದ್ದು ಆ ಗೇಟಿನ ಮುಂದೆ ಕೂರುವುದನ್ನು ರೂಢಿ ಮಾಡಿಕೊಂಡರು. ಮೋಟಾರು ಶುರುವಾಗುತ್ತದೇನೋ ಎಂದು ಕಿವಿಗೊಟ್ಟು ಕೂರುತ್ತಿದ್ದರು. ನಾವು ಕ್ಯಾನ್ ನೀರಿಗೆ ಒಗ್ಗಿಕೊಂಡೆವು. ಬಂದವರಿಗೆ ಅವರು ಏನನ್ನೂ ಕೊಡುತ್ತಿರಲಿಲ್ಲ. ಕ್ಯಾನ್ ನೀರು ಕೊಡಿ ಎಂದರೆ, "ಅದು ಅಂಗಡೀದು, ನಂದಲ್ಲ" ಎನ್ನುತ್ತಿದ್ದರು. ಚೊಂಬು ಕಿಟಕಿಯ ಮೇಲೆ ಬೋರಲಾಗಿ ಕೂತಿತು. ಅವರನ್ನು ದಾಟಿಕೊಂಡೇ ನಾನು ದಿನವೂ ಪಾಳಿಗೆ ಹೋಗುತ್ತಿದ್ದೆ. ಮೊದಮೊದಲು ಸಂಕಟವಾಗುತ್ತಿತ್ತು. ಆಮೇಲೆ ಅದೂ ನಿಂತುಹೋಯಿತು.

ಮದುವೆಯಾಗಿ ನಾನು ಬೇರೆ ಮನೆ ಮಾಡಿದೆ. ಚಿಕ್ಕತಾಯಮ್ಮ ತೀರಿಹೋದ ಸುದ್ದಿಯನ್ನು ರಾಯಚೂರಿನವರು ಫೋನಿನಲ್ಲಿ ಹೇಳಿದಾಗ ಯಂತ್ರದ ಮುಂದೆ ನಿಂತಿದ್ದೆ. ಹೌದಾ ಎಂದೆ, ಪಾಳಿ ಮುಗಿಸಿದೆ. ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೆ ಕೆಲವು ತಿಂಗಳ ಮುಂಚೆ, ದಾಸರಹಳ್ಳಿಯಲ್ಲಿ ಮಗಳ ಮನೆಯಲ್ಲಿ. ನೆನಪು ಸಡಿಲವಾಗಿದೆ, ಗುರುತು ಸಿಗಲಿಕ್ಕಿಲ್ಲ ಎಂದು ಮಗಳು ಹೇಳಿದ್ದಳು. ಸಿಕ್ಕಿತು.

"ಗದಗು ಅಲ್ವೇನೋ? ಬಳೆಯೋಳು ಸಿಕ್ಕುದ್ಲಾ?"

"ಇಲ್ರೀ ಅಮ್ಮಾರ."

"ಮೋಟ್ರು?"

"ಇನ್ನೂ ಬೀಗ ಐತ್ರೀ."

ತಲೆಯಾಡಿಸಿದರು. ಬಿಸಿಲಲ್ಲಿ ಬಂದಿದ್ದ ನನಗೆ ಮಗಳು ಒಂದು ಲೋಟ ನೀರು ತಂದುಕೊಟ್ಟಳು. ಲೋಟ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಚಿಕ್ಕತಾಯಮ್ಮ ಕೈ ಚಾಚಿ ಅದನ್ನು ಮುಚ್ಚಿ ಹಿಡಿದರು.

"ಬ್ಯಾಡ. ಕುಡೀಬ್ಯಾಡ."

"ಅಮ್ಮಾ, ಇದು ಫಿಲ್ಟರ್ ನೀರು ಕಣಮ್ಮ, ಏನೂ ಆಗಲ್ಲ," ಎಂದಳು ಮಗಳು.

ಕೈ ತೆಗೆಯಲಿಲ್ಲ. ಹಿಡಿತ ಬಿಗಿಯಾಗಿತ್ತು. ನನ್ನ ಮುಖವನ್ನೇ ನೋಡುತ್ತಿದ್ದರು.

"ನಮ್ ನೀರು ಸರಿಯಾದ್ಮ್ಯಾಕೆ ಬಾರೋ. ನಾನೇ ಕೊಡ್ತೀನಿ."

ಆಗಲಿ ಎಂದು ಲೋಟ ಕೆಳಗಿಟ್ಟೆ. ಬಾಯಾರಿಕೆ ಆಗಿತ್ತು. ಹಾಗೆಯೇ ಎದ್ದು ಬಂದೆ.