ಎಂಜಲಣ್ಣ ಕೇಳಿದ ಪಾಠ

ಶಾಲೆಯ ವಿಜ್ಞಾನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನಿಗೆ ಮಕ್ಕಳಿಟ್ಟ ಹೆಸರು ಎಂಜಲಣ್ಣ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಜೀರ್ಣಕ್ರಿಯೆಯ ಪಾಠದ ದಿನ ಮೇಷ್ಟ್ರು ಗಂಜಿನೀರಿಗೆ ಅಯೋಡಿನ್ ಹಾಕಿ ಕಡುನೀಲಿ ಮಾಡುತ್ತಿದ್ದರು. ಆ ನೀಲಿ ಕಳೆಯಲು ಲಾಲಾರಸ ಬೇಕು. ಅದೇನು ಮಹಾ, ಎಂಜಲು! ಆದರೆ ಎಲ್ಲರೆದುರು ಉಗುಳುವವರು ಯಾರು? ಕೊನೆಗೆ ಇವನೇ ಪ್ರನಾಳಕ್ಕೆ ಉಗುಳಿ, ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದ. ನೀಲಿ ಮೆಲ್ಲಗೆ ಮಾಯವಾಗುತ್ತಿತ್ತು. "ನೋಡ್ರೋ, ಜೀರ್ಣ ಆಗೋದು ಶುರುವಾಗೋದೇ ಬಾಯಲ್ಲಿ!" ಎಂದು ಮೇಷ್ಟ್ರು ಕೂಗಿದರೆ ಇವನು ಮೀಸೆ ತೀಡಿಕೊಳ್ಳುತ್ತಿದ್ದ.

ಮನೆಯಲ್ಲೂ ಅದೇ ರಾಗ. ಹೆಂಡತಿ ಹೊಲಿಗೆಯವಳು, ಊಟಕ್ಕೂ ಅವಸರ. "ಅಗಿಯೇ, ಅಗಿದು ನುಂಗು," ಎಂದು ಇವನು ಶುರು ಮಾಡಿದರೆ, "ನಿಮ್ಮ ಪಾಠ ಮುಗಿಯೋ ಹೊತ್ತಿಗೆ ಊಟ ತಣ್ಣಗಾಗುತ್ತೆ ಕಣ್ರೀ," ಎಂದು ಅವಳು ಮೂತಿ ತಿರುವುತ್ತಿದ್ದಳು.

ಇವನು ನಿವೃತ್ತನಾದ ವರ್ಷವೇ, ಒಂದು ಬೆಳಗ್ಗೆ, ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಅವಳಿಗೆ ಲಕ್ವ ಹೊಡೆಯಿತು. ಮಾತು ನಿಂತಿತು, ಬಲಗೈ ಬಿದ್ದುಹೋಯಿತು, ನುಂಗುವುದೂ ತಪ್ಪಿತು. ಆಸ್ಪತ್ರೆಯವರು ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಮನೆಗೆ ಕಳಿಸಿದರು. ನರ್ಸಮ್ಮ ಅಪ್ಪ ಮಗಳು ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದ್ದಳು: "ಬಾಯಿಗೆ ಒಂದು ಹನಿ ನೀರೂ ಬೇಡ. ಎಲ್ಲಾ ಪೈಪಲ್ಲೇ. ತಿಳೀತಾ?"

"ತಿಳೀತಮ್ಮ," ಎಂದ.

ತಿಳಿದದ್ದು ಮಣ್ಣು! ಗಂಜಿ ಬಾಯನ್ನು ಮುಟ್ಟದೆ ನೇರ ಹೊಟ್ಟೆಗೆ ಇಳಿಯುವುದನ್ನು ನೋಡಿದಾಗಲೆಲ್ಲ ಅವನಿಗೆ ಒಂದೇ ಯೋಚನೆ: ಎಂಜಲು ಸೇರದ ಗಂಜಿ ಕರಗುವುದೆಲ್ಲಿ? ಮೂರು ವಾರವಾದ ಮೇಲೆ ಅವಳದೇ ಟೇಪು ತೆಗೆದು ತೋಳು ಅಳೆದ. ಎರಡು ಬೆರಳಷ್ಟು ಇಳಿದಿತ್ತು.

"ಆಡಿಸದ ಕೈ ಸೊರಗದೆ ಇರುತ್ತಾ ಅಪ್ಪಾ? ಡಾಕ್ಟ್ರು ಹೇಳಿದಷ್ಟು ಮಾಡು, ಸಾಕು," ಎಂದಳು ಮಗಳು.

"ನಿನಗೇನು ಗೊತ್ತು? ಮೂವತ್ತೊಂದು ವರ್ಷ ಕಣ್ಣಾರೆ ನೋಡಿದೀನಿ ನಾನು."

ಹಟಮಾರಿ ಮನುಷ್ಯ. ಆದರೆ ಬರೀ ಹಟವಲ್ಲ, ಭಯ. ಕಣ್ಣೆದುರೇ ಇವಳು ಹಸಿವಿನಿಂದ ಸಾಯುತ್ತಿದ್ದಾಳೆ ಎಂದು ಅವನು ನಿಜವಾಗಿಯೂ ನಂಬಿದ್ದ. ಮಗಳು ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ ದಿಂಬೇರಿಸಿ ಅವಳನ್ನು ಕೂರಿಸಿ, ಗಂಜಿಯ ಚಮಚ ತುಟಿಗಿಟ್ಟ. ಅವಳು ತಟ್ಟನೆ ಬಾಯಿ ತೆರೆದಳು. "ಬೇಗ ನುಂಗಬೇಡ ಕಣೇ, ಎಂಜಲು ಬೆರೀಲಿ," ಎಂದ. ಆರು ಚಮಚ. ಕೊನೆಯದಕ್ಕೆ ಒಂದೇ ಒಂದು ಸಲ ಕೆಮ್ಮಿದಳು. ಎಷ್ಟೋ ದಿನದ ಮೇಲೆ ಅವಳ ಕಣ್ಣು ನಕ್ಕಂತೆ ಕಂಡಿತು. ಅವತ್ತು ಅವನೂ ಹೊಟ್ಟೆತುಂಬ ಉಂಡ. ಮರುದಿನವೂ ಕೊಟ್ಟ, ಅದರ ಮರುದಿನವೂ.

ನಾಲ್ಕನೆಯ ದಿನ ಜ್ವರ, ಏದುಸಿರು. ಆಸ್ಪತ್ರೆಗೆ ಸೇರಿಸಿದರು. ಮಗಳು ಔಷಧಿ ತರಲು ಹೋದಾಗ ಡಾಕ್ಟರಮ್ಮ ಕೇಳಿದಳು: "ಶ್ವಾಸಕೋಶಕ್ಕೆ ಆಹಾರ ಇಳಿದಿದೆ. ಬಾಯಿಗೇನಾದ್ರೂ ಕೊಟ್ರಾ?"

"ಕೊಟ್ಟೆ. ಎಂಜಲಿಲ್ದೆ ಜೀರ್ಣ ಹೇಗಾಗುತ್ತೆ ಡಾಕ್ಟ್ರೇ?"

ಆಕೆ ಬೈಯಲಿಲ್ಲ, ಪಕ್ಕದಲ್ಲಿ ಕೂತಳು. "ಬಾಯಲ್ಲಿ ಆಗೋದು ಸ್ವಲ್ಪ ಅಷ್ಟೇ. ಉಳಿದಿದ್ದೆಲ್ಲಾ ಸಣ್ಣ ಕರುಳಲ್ಲಿ. ಮೇದೋಜೀರಕ ಅಂತ ಗ್ರಂಥಿ ಇದೆ. ಎಂಜಲು ಮಾಡೋ ಕೆಲಸಾನ ಅದರ ರಸ ಇನ್ನೂ ಚೆನ್ನಾಗಿ ಮಾಡುತ್ತೆ. ನಿಮ್ಮ ಮನೆಯವರಿಗೆ ಪೈಪಲ್ಲಿ ಹಾಕಿದ್ದೆಲ್ಲಾ ಸರಿಯಾಗೇ ಜೀರ್ಣ ಆಗ್ತಿತ್ತು."

ಅಯ್ಯೋ, ಇದನ್ನು ಮೇಷ್ಟ್ರು ಹೇಳದೆ ಬಿಟ್ಟಿರಲಿಲ್ಲ, ವರ್ಷ ವರ್ಷವೂ ಹೇಳುತ್ತಿದ್ದರು. ನೀಲಿ ಮಾಯವಾದ ಕೂಡಲೇ ಇವನು ಗಾಜಿನ ಸಾಮಾನೆಲ್ಲ ಎತ್ತಿಕೊಂಡು ತೊಳೆಯಲು ಹಿತ್ತಲ ನಲ್ಲಿಗೆ ಹೋಗಿಬಿಡುತ್ತಿದ್ದ. ಹೊಟ್ಟೆ, ಪಿತ್ತರಸ, ಕರುಳು ಎಲ್ಲ ಅವನು ಹೋದ ಮೇಲಿನ ಪಾಠ. ಮೂವತ್ತೊಂದು ವರ್ಷದಲ್ಲಿ ಒಂದು ಸಲವಾದರೂ ನಿಂತು ಕೇಳಿದ್ದರೆ!

ಎರಡು ದಿನ ಕಳೆದು ಹೆಂಡತಿ ತೀರಿಹೋದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗಳು ಅಪ್ಪನ ಭುಜ ತಬ್ಬಿ ಬಿಕ್ಕಿದಳು. "ಒಂದು ತುತ್ತು ರುಚಿ ನೋಡದೆ, ಅಮ್ಮ ಹಸ್ಕೊಂಡೇ ಹೋದ್ಲಲ್ಲ ಅಪ್ಪಾ!"

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಮಗಳ ಸಂಕಟ ನೋಡಲಾಗಲಿಲ್ಲ.

"ಇಲ್ಲಮ್ಮ, ಉಂಡೇ ಹೋದ್ಲು," ಎಂದ. "ಮೂರು ದಿನ ನಾನೇ ಕೈಯಾರೆ ತಿನ್ನಿಸ್ದೆ."

ಮಗಳ ಅಳು ನಿಂತಿತು. ಭುಜದ ಮೇಲಿದ್ದ ಕೈಯನ್ನು ಅವಳು ತೆಗೆದಳು.