ಕಲ್ಲೋ ಜೇನೋ

ಅರವತ್ತರ ದಶಕದ ಆರಂಭ. ಜಯನಗರದ ಮನೆಯಿಂದ ಗೊಟ್ಟಿಗೆರೆಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದೆ. ಒಂದು ದಿನ ಹೆಡ್‌ಮಾಸ್ಟರು ಸರ್ಕಾರದ ಗಣತಿಯ ಅಚ್ಚಿನ ಹಾಳೆಗಳನ್ನು ಕೊಟ್ಟು, ಊರಾಚೆ ಇರುವ ಇರುಳಿಗರ ಕಸುಬು ಬರೆದುಕೊಂಡು ಬರಲು ಕಳಿಸಿದರು. ಇರುಳಿಗರು ಮೂಲತಃ ಬನ್ನೇರುಘಟ್ಟದ ಕಾಡಿನ ಜನ. ಕಲ್ಲುಗಣಿಯ ಕೆಲಸಕ್ಕೆಂದು ಬಂದು ಅದರ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಗಣಿ ಮುಚ್ಚಿ ಕೆಲವು ವರ್ಷಗಳಾಗಿದ್ದವು.

ಮೊದಲ ಗುಡಿಸಲಿನ ಮುಂದೆ ಗಂಡ ಹೆಂಡತಿ ಕೂತು ಪೊರಕೆ ಕಟ್ಟುತ್ತಿದ್ದರು.

"ನಿಮ್ಮ ಕಸುಬೇನು?" ಎಂದೆ.

"ಕಲ್ಲು ಒಡೆಯೋದು," ಎಂದ ಗಂಡ.

ಹೆಂಡತಿ ನಕ್ಕುಬಿಟ್ಟಳು. "ಎಲ್ಲಿ ಒಡೀತೀಯ? ಜೇನು ಅಂತ ಬರ್ಕಳಿ ಟೀಚರಮ್ಮ."

ಜೇನೆಲ್ಲಿ ಎಂದು ಕೇಳಿದೆ. ಅವಳು ನನ್ನನ್ನು ಗಣಿಗೆ ಕರೆದೊಯ್ದಳು. ಹಳ್ಳದ ತುಂಬ ಹಸಿರು ನೀರು. ಮೇಲೆ, ಕಡಿದುಬಿಟ್ಟ ಬಂಡೆಯ ಗೋಡೆಗೆ ಏಳೆಂಟು ಹೆಜ್ಜೇನು ಕಟ್ಟಿದ್ದವು.

"ಮದ್ದು ಸಿಡಿಸ್ತಿದ್ದಾಗ ಒಂದು ನೊಣಾನೂ ಇರ್ಲಿಲ್ಲ. ನಿಂತ ಮೇಲೇ ಬಂದಿದ್ದು. ನೀರಲ್ಲಿ ಮೀನೂ ಸಿಗ್ತದೆ."

ಹಿಂದೆಯೇ ಬಂದಿದ್ದ ಗಂಡ ಎಡಗೈ ತೋರಿಸಿದ. ಎರಡು ಬೆರಳಿರಲಿಲ್ಲ. ಮದ್ದಿಗೆ ಹೋದವಂತೆ. ಈಗ ಗಣಿಗೆ ಶಾಪ ಹಾಕುತ್ತಾನೆಂದುಕೊಂಡೆ.

"ಗಣಿ ಮತ್ತೆ ತೆಗೆಸಕ್ಕೆ ದೊಡ್ಡೋರಿಗೆ ಹೇಳಿ ಟೀಚರಮ್ಮ. ಜೇನು ಎಲ್ಲಾ ಕಾಲಕ್ಕೂ ಸಿಗಾಕಿಲ್ಲ. ಹೊಟ್ಟೆ ದಿನಾ ಕೇಳ್ತದೆ."

"ಇನ್ನೊಂದು ಕೈನೂ ಕೊಟ್ಟು ಬರ್ತೀಯಾ?" ಎಂದು ಅವಳು ರೇಗಿದಳು.

ಇಬ್ಬರ ಮಾತೂ ಸರಿಯೆನಿಸಿತು. ಕಸುಬಿನ ಕಾಲಮ್ಮಿನಲ್ಲಿ ಒಂದೇ ಪದಕ್ಕೆ ಜಾಗವಿತ್ತು. ಕಲ್ಲು, ಜೇನು, ಮೀನು, ಪೊರಕೆ ಎಲ್ಲವನ್ನೂ ಸಣ್ಣ ಅಕ್ಷರದಲ್ಲಿ ತುರುಕಿದೆ.

"ಏನಮ್ಮ ಇದು, ದಿನಸಿ ಚೀಟಿ ಇದ್ದಂಗಿದೆ!" ಎಂದ ಹೆಡ್‌ಮಾಸ್ಟರು ಅಷ್ಟನ್ನೂ ಹೊಡೆದುಹಾಕಿ 'ಕೂಲಿ' ಎಂದು ಬರೆದರು.

"ಅವರಿಗೆ ಕೂಲೀನೇ ಇಲ್ವಲ್ಲ ಸಾರ್."

"ಮತ್ತೇನು ಬರೀಲಿ, ನೀವೇ ಹೇಳಿ."

ನಿಜವಾಗಿಯೂ ಕಾದರು. ಹಾಳೆ ಎಳೆದುಕೊಂಡು 'ಕೂಲಿ'ಯ ಕೆಳಗೆ ಸಹಿ ಹಾಕಿದೆ.

ಮಾರನೆಯ ವರ್ಷ ಯಾರೋ ಕಂಟ್ರಾಕ್ಟರು ಗಣಿ ತೆಗೆಸಿದ. ಒಂದು ಮಧ್ಯಾಹ್ನ ಆ ಗಂಡ ಹೆಂಡತಿ ರಸ್ತೆಯಲ್ಲಿ ಎದುರಾದರು. ಅವನ ಹೆಗಲ ಮೇಲೆ ಸುತ್ತಿಗೆ, ಅವಳ ತಲೆಯ ಮೇಲೆ ಜಲ್ಲಿಯ ಮಂಕರಿ.

"ನಿಮ್ಮಿಂದ ಆಯ್ತು ಟೀಚರಮ್ಮ," ಎಂದು ಅವನು ಕೈಮುಗಿದ.

ನಾನು ಯಾರಿಗೂ ಹೇಳಿರಲಿಲ್ಲ. ಹಾಗೆಂದರೆ ಅವನಿಗೆ ಬೇಸರವಾದೀತು, ಅನ್ನದಿದ್ದರೆ ಗಣಿ ತೆಗೆಸಿದ್ದು ನಾನೇ ಎಂದು ಅವಳು ನಂಬಿಬಿಟ್ಟಾಳು. ಅಷ್ಟರಲ್ಲಿ ಅವಳು ನನ್ನ ಮುಖ ನೋಡದೆ ಮಂಕರಿ ಸರಿಪಡಿಸಿಕೊಂಡು ಮುಂದೆ ನಡೆದಳು.